ಹುಳಿಹಣ್ಣಿನ ಸವಿ

ರಷ್ಯದ ಕಥೆಗಾರ ಆಂತೋನ್ ಚೆಕೋವ್ 1898ರಲ್ಲಿ ಪ್ರಕಟಿಸಿದ ಒಂದು ಸಣ್ಣಕಥೆಯ ಹೆಸರು ‘ಗೂಸ್‌ಬೆರಿ’. ಗೂಸ್‌ಬೆರಿ ಎಂದರೆ ಶೀತದೇಶಗಳ ಹಿತ್ತಲುಗಳಲ್ಲಿ ಬೆಳೆಯುವ ಮುಳ್ಳುಪೊದೆಯ ಹಣ್ಣು. ನಿಘಂಟಿನ ಅರ್ಥವನ್ನು ನಂಬಿ ಇದನ್ನು ನೆಲ್ಲಿಕಾಯಿ ಎಂದು ಕರೆಯುವವರುಂಟು. ಆದರೆ ನೆಲ್ಲಿ ಮರದ ಫಲ, ಇದು ಪೊದೆಯ ಫಲ. ಎರಡರ ಜಾತಿಯೇ ಬೇರೆ. ನೆಲ್ಲಿಕಾಯಿಯನ್ನು ತಿಂದು ನೀರು ಕುಡಿದರೆ ಬಾಯಿ ಸಿಹಿಯಾಗುತ್ತದೆ. ಚೆಕೋವನ ಕಥೆಯ ಹಣ್ಣಾದರೋ ಮೊದಲಿನಿಂದ ಕೊನೆಯವರೆಗೆ ಹುಳಿಯಾಗಿಯೇ ಉಳಿಯುತ್ತದೆ. ಅದರ ಒಡೆಯನೊಬ್ಬನಿಗೆ ಮಾತ್ರ ಅದು ಸವಿ. ಆ ಸವಿ ಎಲ್ಲಿಂದ ಬಂದಿತು, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದು ಕಥೆಯ ವಸ್ತು. ಶ್ರಾವಕನ ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವನ್ನು ಕುರಿತು ಚಿಂತಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಅನ್ಯದೇಶೀಯ ಕಥೆ ದೊರೆಯುವುದು ವಿರಳ.

ಚೆಕೋವ್ ವ್ಯಾಪಾರಿಯ ಮಗ. 1860ರಲ್ಲಿ ತಗನ್ರೋಗ್ ಎಂಬ ಬಂದರುಪಟ್ಟಣದಲ್ಲಿ ಜನಿಸಿದನು. ಅವನ ತಾತ ಜಮೀನ್ದಾರನಿಗೆ ಸೇರಿದ ಜೀತದ ಆಳಾಗಿದ್ದು, ಹಣ ಕೂಡಿಟ್ಟು ಸ್ವಾತಂತ್ರ್ಯವನ್ನು ಕೊಂಡುಕೊಂಡವನು. ತಂದೆಯ ಕಿರಾಣಿ ಅಂಗಡಿ 1876ರಲ್ಲಿ ದಿವಾಳಿಯೆದ್ದು ಕುಟುಂಬವು ಮಾಸ್ಕೋ ನಗರವನ್ನು ಸೇರಿತು. ವೈದ್ಯಶಿಕ್ಷಣವನ್ನು ಮುಗಿಸಿದ ಚೆಕೋವ್ ಬರವಣಿಗೆಯ ಸಂಪಾದನೆಯಿಂದಲೂ ಸಾಲದಿಂದಲೂ 1892ರಲ್ಲಿ ಮೆಲಿಖೋವೊ ಎಂಬ ಹಳ್ಳಿಯಲ್ಲಿ 13,000 ರೂಬಲ್‌ಗಳಿಗೆ ಎಸ್ಟೇಟೊಂದನ್ನು ಕೊಂಡನು. ಕಾಲರಾ ಬಂದಾಗ ಸುತ್ತಲಿನ ರೈತರಿಗೆ ಪ್ರತಿಫಲವಿಲ್ಲದೆ ಚಿಕಿತ್ಸೆ ಮಾಡಿದನು. ಹಳ್ಳಿಯ ಮಕ್ಕಳಿಗಾಗಿ ಶಾಲೆಗಳನ್ನು ಕಟ್ಟಿಸಿದನು. ಎಸ್ಟೇಟಿನ ಆಸೆಗೆ ಬಲಿಯಾದವನೊಬ್ಬನ ಕಥೆಯನ್ನು ಬರೆಯುವಾಗ ಅವನೇ ಒಂದು ಎಸ್ಟೇಟಿನ ಒಡೆಯನಾಗಿದ್ದನೆಂಬುದನ್ನು ಮರೆಯಲಾಗದು. ಹೊರಗೆ ನಿಂತು ಪರರನ್ನು ಹಳಿಯುವ ಬರಹ ಇದಲ್ಲ; ತನ್ನ ಖಾತೆಯನ್ನೂ ಬಿಚ್ಚಿಟ್ಟುಕೊಂಡು ಬರೆದದ್ದು.

ಕಥೆಯ ಚೌಕಟ್ಟು ಸರಳವಾದುದು. ಇವಾನ್ ಇವಾನಿಚ್ ಎಂಬ ವೃದ್ಧ ಪಶುವೈದ್ಯನೂ ಬುರ್ಕಿನ್ ಎಂಬ ಪ್ರೌಢಶಾಲಾ ಉಪಾಧ್ಯಾಯನೂ ಬಯಲಿನಲ್ಲಿ ನಡೆದು ಹೋಗುವಾಗ ಮಳೆ ಬರುತ್ತದೆ. ಸಮೀಪದಲ್ಲಿದ್ದ ಅಲ್ಯೋಖಿನ್ ಎಂಬ ಜಮೀನ್ದಾರನ ಮನೆಯಲ್ಲಿ ಅವರು ಆಶ್ರಯ ಪಡೆಯುತ್ತಾರೆ. ಸ್ನಾನವಾಗಿ, ದೀಪ ಹಚ್ಚಿ, ಚಹ ಬಂದ ಮೇಲೆ ಇವಾನ್ ಇವಾನಿಚ್ ತನ್ನ ತಮ್ಮ ನಿಕೊಲಾಯನ ವೃತ್ತಾಂತವನ್ನು ಹೇಳುತ್ತಾನೆ. ಈ ಸೋದರರ ಮನೆತನದ ಹೆಸರು ಚಿಮ್ಶಾ-ಹಿಮಾಲಾಯ್‌ಸ್ಕಿ. ಭಾರತೀಯ ಓದುಗನು ಆ ಹೆಸರನ್ನು ಕಂಡು ಮುಗುಳ್ನಗದಿರಲಾರ. ಹೆಸರಿನಲ್ಲಿ ಹಿಮಾಲಯ, ಹೃದಯದಲ್ಲಿ ಒಂದು ಹಿಡಿ ಹಣ್ಣು.

ಅವರ ತಂದೆ ಸಾಮಾನ್ಯ ಸೈನಿಕನ ಮನೆಯಿಂದ ಬಂದು ಅಧಿಕಾರಿಯ ಪದವಿಗೇರಿದವನು. ಅವನು ಬಿಟ್ಟುಹೋದ ಚಿಕ್ಕ ಆಸ್ತಿ ಸಾಲಕ್ಕೆ ಹೋಯಿತು. ಬಾಲ್ಯವನ್ನು ಹಳ್ಳಿಯ ಬಯಲಿನಲ್ಲಿ ಕಳೆದ ನಿಕೊಲಾಯ್ ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ಸರಕಾರಿ ಕಚೇರಿಯನ್ನು ಸೇರಿ, ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕುಳಿತು ಅವೇ ಕಾಗದಗಳನ್ನು ಬರೆಯುತ್ತ, ಮತ್ತೆ ಹಳ್ಳಿಗೆ ಹೋಗಬೇಕೆಂದು ಹಂಬಲಿಸಿದನು. ಇದುವರೆಗೆ ಅವನಲ್ಲಿ ದೋಷವೆಣಿಸಲು ಏನೂ ಇಲ್ಲ. ಕಳೆದುಹೋದ ಮನೆಯ ಹಂಬಲವನ್ನು ಯಾರು ತಾನೆ ಅರಿಯರು? ಆದರೆ ಹಂಬಲವು ಕ್ರಮೇಣ ಒಂದು ನಕ್ಷೆಯಾಯಿತು. ಅದರಲ್ಲಿ ಮನೆ ಇಲ್ಲಿ, ಆಳುಗಳ ವಸತಿ ಅಲ್ಲಿ, ತರಕಾರಿಯ ತೋಟ ಮತ್ತೊಂದೆಡೆ. ಎಲ್ಲವನ್ನೂ ಬದಲಿಸಬಹುದು, ಗೂಸ್‌ಬೆರಿಯ ಪೊದೆಗಳು ಮಾತ್ರ ಇರಲೇಬೇಕು. ಆ ನಕ್ಷೆಗಾಗಿ ಅವನು ಹೊಟ್ಟೆಗೆ ತಿನ್ನಲಿಲ್ಲ, ಮೈಗೆ ಉಡಲಿಲ್ಲ, ಸಿಕ್ಕಿದ್ದನ್ನೆಲ್ಲ ಬ್ಯಾಂಕಿಗೆ ಹಾಕಿದನು.

ಜೈನಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಹೆಸರಿದೆ. ಮುಂದಿನ ಭೋಗಕ್ಕಾಗಿ ಇಂದಿನ ತಪಸ್ಸನ್ನೆಲ್ಲ ಅಡವಿಡುವ ಆ ಸಂಕಲ್ಪವೇ ನಿದಾನ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಇದೂ ಒಂದು, ಶಲ್ಯವೆಂದರೆ ಮುಳ್ಳು. ನಿಕೊಲಾಯನ ಉಪವಾಸವು ಹೊರನೋಟಕ್ಕೆ ತಪಸ್ವಿಯ ಉಪವಾಸದಂತೆಯೇ ಇದೆ. ಹಸಿವೆಯೂ ಹರಕುಬಟ್ಟೆಯೂ ಇಬ್ಬರಿಗೂ ಸಮಾನ. ಆದರೆ ಒಬ್ಬನದು ನಿರ್ಜರೆಯ ದಾರಿ, ಇನ್ನೊಬ್ಬನದು ಬಂಧದ ದಾರಿ. ಮಿತವ್ಯಯವೇ ಅಪರಿಗ್ರಹವೆಂದು ತಿಳಿದುಕೊಂಡಿರುವ ಗೃಹಸ್ಥರು ಈ ಭೇದವನ್ನು ಚೆನ್ನಾಗಿ ಮನಗಾಣಬೇಕು. ಖರ್ಚು ಮಾಡದಿರುವುದು ಒಂದು ಅಭ್ಯಾಸ, ಅಂಟಿಕೊಳ್ಳದಿರುವುದು ಒಂದು ವ್ರತ. ಮೊದಲನೆಯದು ಎರಡನೆಯದಕ್ಕೆ ಸಾಕ್ಷಿಯಾಗಲಾರದು.

ನಲವತ್ತು ದಾಟಿದ ಮೇಲೆ ನಿಕೊಲಾಯ್ ಮದುವೆಯಾದನು. ವಧು ವಯಸ್ಸಾದ ವಿಧವೆ. ಅವಳಲ್ಲಿ ಅವನಿಗೆ ಪ್ರೀತಿಯಿರಲಿಲ್ಲ, ಅವಳಲ್ಲಿ ಹಣವಿತ್ತು. ಆ ಹಣವನ್ನು ತನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟು, ಅವಳನ್ನು ಅರೆಹೊಟ್ಟೆಯಲ್ಲಿರಿಸಿದನು. ಅಂಚೆ ಅಧಿಕಾರಿಯಾಗಿದ್ದ ಮೊದಲ ಗಂಡನ ಮನೆಯಲ್ಲಿ ಉಂಡುಟ್ಟು ಸುಖವಾಗಿದ್ದ ಆಕೆಗೆ ಇಲ್ಲಿ ಕಪ್ಪು ರೊಟ್ಟಿಯೂ ಸಾಕಷ್ಟು ದೊರೆಯಲಿಲ್ಲ. ಕೊರಗಿ ಕೊರಗಿ ಮೂರು ವರ್ಷಗಳಲ್ಲಿ ತೀರಿಕೊಂಡಳು. ಅವಳ ಸಾವಿಗೆ ತಾನು ಕಾರಣನೆಂಬ ಭಾವನೆ ನಿಕೊಲಾಯನಿಗೆ ಒಂದು ಕ್ಷಣವೂ ಬರಲಿಲ್ಲ. ಚೆಕೋವ್ ಈ ಸಾವನ್ನು ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತಾನೆ; ಆಕೆಗೆ ಒಂದು ಹೆಸರನ್ನೂ ಕೊಡುವುದಿಲ್ಲ. ಅವನ ನಿಷ್ಠುರ ಕಲೆ ಇದು. ನಿಕೊಲಾಯನ ಲೆಕ್ಕದ ಪುಸ್ತಕದಲ್ಲಿ ಆಕೆಗೆ ಎಷ್ಟು ಜಾಗವಿತ್ತೋ ಕಥೆಯಲ್ಲಿಯೂ ಅಷ್ಟೇ ಜಾಗ.

ಇಲ್ಲಿ ಕಥೆಯನ್ನು ಹೇಳುತ್ತಿದ್ದ ಇವಾನನು ತಾನು ಕಂಡು ಕೇಳಿದ ಎರಡು ಸಂಗತಿಗಳನ್ನು ಸೇರಿಸುತ್ತಾನೆ. ಒಬ್ಬ ವ್ಯಾಪಾರಿ ಸಾಯುವ ಮುನ್ನ ಒಂದು ತಟ್ಟೆ ಜೇನುತುಪ್ಪ ತರಿಸಿ, ಯಾರ ಕೈಗೂ ಸಿಗಬಾರದೆಂದು ತನ್ನ ನೋಟುಗಳನ್ನೂ ಲಾಟರಿ ಪತ್ರಗಳನ್ನೂ ಅದರೊಡನೆ ನುಂಗಿಬಿಟ್ಟನಂತೆ. ಇನ್ನೊಬ್ಬ ದನದ ವ್ಯಾಪಾರಿ ರೈಲಿನ ಎಂಜಿನ್ನಿಗೆ ಸಿಕ್ಕು ಕಾಲು ಕಳೆದುಕೊಂಡನು. ರಕ್ತ ಹರಿಯುತ್ತಿರುವಾಗಲೂ ತುಂಡಾದ ಕಾಲನ್ನು ಹುಡುಕಿಕೊಡಿರೆಂದು ಅಂಗಲಾಚುತ್ತಿದ್ದನು. ಆ ಕಾಲಿನ ಬೂಟಿನಲ್ಲಿ ಇಪ್ಪತ್ತು ರೂಬಲ್ ಇತ್ತು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಮೊತ್ತದಿಂದ ಅಳೆಯದೆ ಮೂರ್ಛೆ ಎಂಬ ಒಂದೇ ಪದದಿಂದ ಏಕೆ ಗುರುತಿಸಿದರೆಂಬುದಕ್ಕೆ ಈ ಇಬ್ಬರು ವ್ಯಾಪಾರಿಗಳೇ ಸಾಕು. ಇಪ್ಪತ್ತು ರೂಬಲ್ ದೊಡ್ಡ ಆಸ್ತಿಯೇನಲ್ಲ. ಕಾಲು ಹೋದದ್ದು ತಿಳಿಯದಷ್ಟು ಎಚ್ಚರ ತಪ್ಪಿರುವುದು ದೊಡ್ಡದು.

ಕೊನೆಗೆ ನಿಕೊಲಾಯ್ 112 ದೆಸ್ಯಾತಿನ, ಎಂದರೆ ಸುಮಾರು 300 ಎಕರೆ ಭೂಮಿಯನ್ನು ದಲ್ಲಾಳಿಯ ಮುಖಾಂತರ ಕೊಂಡನು. ಅದರಲ್ಲಿ ಹಣ್ಣಿನ ತೋಟವಿರಲಿಲ್ಲ, ಬಾತುಕೋಳಿಗಳ ಕೊಳವಿರಲಿಲ್ಲ, ಗೂಸ್‌ಬೆರಿಯೂ ಇರಲಿಲ್ಲ. ನದಿಯೊಂದಿತ್ತು, ಒಂದು ಬದಿಗೆ ಇಟ್ಟಿಗೆಯ ಕಾರ್ಖಾನೆ, ಇನ್ನೊಂದು ಬದಿಗೆ ಎಲುಬು ಸುಡುವ ಕಾರ್ಖಾನೆ ಇದ್ದುದರಿಂದ ಅದರ ನೀರು ಕಾಫಿಯ ಬಣ್ಣಕ್ಕೆ ತಿರುಗಿತ್ತು. ನಿಕೊಲಾಯ್ ಎದೆಗುಂದದೆ ಇಪ್ಪತ್ತು ಪೊದೆಗಳನ್ನು ತರಿಸಿ ನೆಟ್ಟನು. ಅಣ್ಣ ಅವನನ್ನು ನೋಡಲು ಹೋದಾಗ ಹಂದಿಯಂತೆ ಕೊಬ್ಬಿದ ನಾಯಿ, ಅದರಂತೆಯೇ ಕೊಬ್ಬಿದ ಅಡುಗೆಯವಳು, ಹಾಸಿಗೆಯಲ್ಲಿ ಹೊದ್ದು ಕುಳಿತ ಕೊಬ್ಬಿದ ತಮ್ಮ ಕಾಣಿಸಿದರು. ಅಂಜುಬುರುಕ ಗುಮಾಸ್ತನು ಈಗ ಪ್ರಭುವಾಗಿದ್ದಾನೆ. ಹಳ್ಳಿಯವರ ಮೇಲೂ ಎರಡು ಕಾರ್ಖಾನೆಗಳ ಮೇಲೂ ವ್ಯಾಜ್ಯ ಹೂಡಿದ್ದಾನೆ. ರೈತರು ಗೌರವಸೂಚಕವಾಗಿ ಸಂಬೋಧಿಸದಿದ್ದರೆ ಮುನಿಯುತ್ತಾನೆ. ಎಲ್ಲ ರೋಗಕ್ಕೂ ಸೋಡಾ ಮತ್ತು ಹರಳೆಣ್ಣೆಯ ಚಿಕಿತ್ಸೆ ಮಾಡುತ್ತಾನೆ. ತನ್ನ ನಾಮದಿನದಂದು ಪ್ರಾರ್ಥನೆ ಮಾಡಿಸಿ ರೈತರಿಗೆ ಮದ್ಯ ಹಂಚುತ್ತಾನೆ. ತಾತ ರೈತನೆಂಬುದನ್ನೂ ತಂದೆ ಸೈನಿಕನೆಂಬುದನ್ನೂ ಮರೆತು ಕುಲೀನರ ಪರವಾಗಿ ಮಾತನಾಡುತ್ತಾನೆ. ಲೋಭವು ತನ್ನ ಕೆಲಸವನ್ನು ಮುಗಿಸಿ ಮನೆಯ ಕೀಲಿಕೈಯನ್ನು ಮಾನಕಷಾಯದ ಕೈಗೆ ಕೊಟ್ಟಿದೆ. ಔಷಧದಾನವು ಚತುರ್ವಿಧ ದಾನಗಳಲ್ಲಿ ಒಂದು. ಆದರೆ ಕೊಡುವವನು ತನ್ನ ಎತ್ತರವನ್ನು ಅಳೆದುಕೊಳ್ಳಲೆಂದೇ ಕೊಟ್ಟ ಔಷಧವು ದಾನದ ಲೆಕ್ಕಕ್ಕೆ ಸೇರದು.

ಸಂಜೆ ಆ ತೋಟದ ಮೊದಲ ಹಣ್ಣುಗಳು ತಟ್ಟೆಯಲ್ಲಿ ಬಂದವು. ನಿಕೊಲಾಯ್ ಮಾತಿಲ್ಲದೆ ಕಣ್ಣೀರು ತುಂಬಿಕೊಂಡು ಅವನ್ನು ನೋಡಿದನು. ಒಂದನ್ನು ಬಾಯಿಗೆ ಹಾಕಿಕೊಂಡು ಮಗುವಿನಂತೆ ಹಿಗ್ಗಿ, ಅದರ ರುಚಿಯನ್ನು ಹೊಗಳಿದನು. ಅಣ್ಣನ ನಾಲಗೆಗೆ ಅದು ಗಟ್ಟಿಯಾಗಿಯೂ ಹುಳಿಯಾಗಿಯೂ ಇತ್ತು. ರಾತ್ರಿಯೆಲ್ಲ ತಮ್ಮನು ಎದ್ದೆದ್ದು ಬಂದು ತಟ್ಟೆಯಿಂದ ಒಂದೊಂದೇ ಹಣ್ಣನ್ನು ತೆಗೆದುಕೊಳ್ಳುವ ಸದ್ದು ಅಣ್ಣನಿಗೆ ಪಕ್ಕದ ಕೋಣೆಯಿಂದ ಕೇಳಿಸುತ್ತಿತ್ತು.

ವಿಚಾರಶೀಲ ಓದುಗನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಿಕೊಲಾಯ್ ಕೋಟ್ಯಧೀಶನಾಗಲು ಬಯಸಲಿಲ್ಲ. ಅವನ ಆಸೆಗೆ ಗಡಿಯಿತ್ತು. ಆ ಗಡಿಯನ್ನು ಮುಟ್ಟಿದಾಗ ಅವನು ತೃಪ್ತನಾದನು. ಪರಿಗ್ರಹ ಪರಿಮಾಣವೆಂದರೆ ಇಂತಿಷ್ಟು ಸಾಕೆಂದು ಗಡಿ ಹಾಕಿಕೊಳ್ಳುವುದೇ ಆದರೆ, ನಿಕೊಲಾಯನೂ ವ್ರತಿಯೇ ಅಲ್ಲವೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ವರ್ಷಕ್ಕೊಮ್ಮೆ ಮುನಿಗಳ ಸಮ್ಮುಖದಲ್ಲಿ ಇಷ್ಟು ಮನೆ, ಇಷ್ಟು ಹೊಲ, ಇಷ್ಟು ಬಂಗಾರ ಎಂದು ನಿಯಮ ತೆಗೆದುಕೊಳ್ಳುವ ಅನೇಕರು ಮಾಡುವುದೂ ಹೊರಗಿನಿಂದ ನೋಡಿದರೆ ಇಷ್ಟೇ.

ಉತ್ತರವು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿದೆ. ಆಚಾರ್ಯರು ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನು ಕೊಡುತ್ತಾರೆ. ವಸ್ತುವಿಗೆ ಹಾಕಿದ ಗಡಿ ಇಚ್ಛೆಗೆ ತಗುಲದಿದ್ದರೆ ವ್ರತವು ಕಾಗದದ ಮೇಲೆ ಉಳಿಯಿತೆಂದೇ ಅರ್ಥ. ಇದಕ್ಕಿಂತಲೂ ಆಶ್ಚರ್ಯಕರವಾದುದು ಅವರು ಹೇಳುವ ಐದು ಅತಿಚಾರಗಳ ಪಟ್ಟಿ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ನಡುವಿನ ಮೂರು ಸಂಗ್ರಹಿಸುವವನ ಮನಸ್ಸಿಗೂ ಸಂಗ್ರಹಕ್ಕೂ ಸಂಬಂಧಿಸಿದವು. ಮೊದಲನೆಯದೂ ಕೊನೆಯದೂ ಹೊರುವವರಿಗೆ ಸಂಬಂಧಿಸಿದವು: ಎತ್ತನ್ನು ಅದರ ಶಕ್ತಿ ಮೀರಿ ಓಡಿಸುವುದು, ಅದು ಹೊರಲಾರದಷ್ಟು ಹೇರುವುದು. ಹಿಂಸೆಯ ಅಧ್ಯಾಯದಲ್ಲಿ ಬರಬೇಕಾದ ಮಾತು ಪರಿಗ್ರಹದ ಅಧ್ಯಾಯದಲ್ಲಿ ಬರುವುದರ ಮರ್ಮವನ್ನು ವ್ಯಾಪಾರ ಮಾಡಿದವರು ಸುಲಭವಾಗಿ ಗ್ರಹಿಸಬಲ್ಲರು. ತನ್ನ ಗಡಿಯೊಳಗಿನ ವಸ್ತುವಾದರೂ ಅದು ಯಾರ ಬೆನ್ನ ಮೇಲೆ ಬಂತೆಂದು ಕೇಳದಿದ್ದರೆ ವ್ರತವು ಕೆಡುತ್ತದೆ. ನಿಕೊಲಾಯ್ ವಸ್ತುವಿಗೆ ಗಡಿ ಹಾಕಿಕೊಂಡನು, ಮಾರ್ಗಕ್ಕೆ ಹಾಕಿಕೊಳ್ಳಲಿಲ್ಲ. ಇಪ್ಪತ್ತು ಪೊದೆಗಳ ಭಾರವನ್ನು ಆ ವಿಧವೆಯ ಮೇಲೆ ಹೇರಿದನು, ಅವಳು ಕುಸಿದಳು.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ನಿಕೊಲಾಯನ ಆಸ್ತಿಯ ಅಸಲು ಬೆಲೆಯಲ್ಲಿ ಒಂದು ದೊಡ್ಡ ಬಾಬನ್ನು ಬರೆದೇ ಇಲ್ಲ. ಆ ಬಾಬನ್ನು ಬಿಟ್ಟದ್ದರಿಂದಲೇ ಲಾಭ ಕಾಣಿಸಿತು, ಹುಳಿ ಸಿಹಿಯಾಯಿತು. ಖರ್ಚನ್ನು ಪರರ ಖಾತೆಗೆ ಬರೆದು ಪಡೆದ ಲಾಭವನ್ನು ಪ್ರಾಮಾಣಿಕನಾದ ಯಾವ ಲೆಕ್ಕಪರಿಶೋಧಕನೂ ಒಪ್ಪನು. ಪಂಡಿತ ಆಶಾಧರರು ಶ್ರಾವಕನ ಗುಣಗಳಲ್ಲಿ ನ್ಯಾಯೋಪಾತ್ತ ಧನಕ್ಕೆ ಪ್ರಥಮಸ್ಥಾನವನ್ನು ಕೊಟ್ಟಿರುವುದೂ ಈ ಕಾರಣದಿಂದಲೇ ಇರಬೇಕು.

ತಮ್ಮನನ್ನು ತೂಗಿದ ತಕ್ಕಡಿಯಲ್ಲಿ ಅಣ್ಣನನ್ನೂ ತೂಗಬೇಕು. ಆ ರಾತ್ರಿ ಇವಾನನಿಗೆ ಜ್ಞಾನೋದಯವಾಯಿತು: ಸುಖಿಗಳು ಸುಖವಾಗಿರುವುದು ದುಃಖಿಗಳು ಮೌನವಾಗಿ ಹೊರೆಯನ್ನು ಹೊರುತ್ತಿರುವುದರಿಂದ, ಪ್ರತಿಯೊಬ್ಬ ಸುಖಿಯ ಬಾಗಿಲಲ್ಲಿ ಸುತ್ತಿಗೆ ಹಿಡಿದವನೊಬ್ಬ ನಿಂತು, ಬಡಿದು ಬಡಿದು, ಲೋಕದಲ್ಲಿ ದುಃಖಿಗಳಿರುವುದನ್ನು ನೆನಪಿಸುತ್ತಿರಬೇಕು. ಸುತ್ತಿಗೆಯವನ ಈ ಕಲ್ಪನೆ ಅಪೂರ್ವವಾದುದು. ಆದರೆ ಇದನ್ನು ಹೇಳಿದವನು ಅದರಿಂದ ಮಾಡಿದ್ದೇನು? ತಾನು ವೃದ್ಧನಾದೆ, ಹೋರಾಡಲು ಅಶಕ್ತನೆಂದು ಕೊರಗಿದನು. ಅಲ್ಯೋಖಿನನ ಕೈಗಳನ್ನು ಹಿಡಿದು, ನೀನು ತೃಪ್ತನಾಗಬೇಡ, ಒಳಿತನ್ನು ಮಾಡೆಂದು ಬೇಡಿದನು. ಅತ್ತಿಗೆಯೋ ನಾದಿನಿಯೋ ಎನ್ನದೆ ತನ್ನ ಮನೆತನಕ್ಕೆ ಬಂದ ಹೆಣ್ಣೊಬ್ಬಳು ಹಸಿವಿನಿಂದ ಸೊರಗುತ್ತಿದ್ದ ಆ ಮೂರು ವರ್ಷ ಈ ಅಣ್ಣನು ಎಲ್ಲಿದ್ದನೆಂಬುದಕ್ಕೆ ಕಥೆಯಲ್ಲಿ ಉತ್ತರವಿಲ್ಲ. ತಮ್ಮನ ದೋಷವನ್ನು ಕಂಡಷ್ಟು ಸ್ಪಷ್ಟವಾಗಿ ತನ್ನ ದೋಷವನ್ನು ಕಾಣುವುದು ಆಲೋಚನಾ; ಅದನ್ನು ಮಾಡದೆ ಉಪದೇಶಕ್ಕೆ ಹೊರಟವನ ಮಾತು ಎಷ್ಟು ಸತ್ಯವಾಗಿದ್ದರೂ ಕೇಳುವವರ ಹೃದಯವನ್ನು ಮುಟ್ಟುವುದಿಲ್ಲ.

ನಿಜಕ್ಕೂ ಅದು ಮುಟ್ಟಲಿಲ್ಲ. ಅಲ್ಯೋಖಿನ್ ನಲವತ್ತರ ಸುಮಾರಿನವನು. ಅತಿಥಿಗಳು ಬಂದಾಗ ಮೈತುಂಬ ಧೂಳಾಗಿ, ಕಾಳು ತೂರುವ ಯಂತ್ರದ ಬಳಿ ನಿಂತಿದ್ದನು. ಮಹಡಿಯ ಸೊಗಸಾದ ಕೋಣೆಗಳನ್ನು ಬಿಟ್ಟು ಕೆಳಗೆ ಮೇಲ್ವಿಚಾರಕನ ಕೋಣೆಗಳಲ್ಲಿ ವಾಸಿಸುತ್ತಾನೆ. ಸ್ನಾನಕ್ಕಿಳಿದಾಗ ಅವನ ಸುತ್ತಲಿನ ನೀರು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ತನ್ನ ಓದಿಗಾಗಿ ತಂದೆ ಮಾಡಿದ ಸಾಲವನ್ನು ತೀರಿಸಲೆಂದು ಅವನು ದುಡಿಯತೊಡಗಿದನೆಂದು ಇದೇ ಮಾಲೆಯ ಮುಂದಿನ ಕಥೆಯಿಂದ ತಿಳಿಯುತ್ತದೆ. ಅವನಲ್ಲಿ ಭೋಗದ ಆಸೆಯಿಲ್ಲ. ಆದರೂ ಅವನು ಎಚ್ಚರವಾಗಿದ್ದಾನೆಂದು ಹೇಳುವಂತಿಲ್ಲ. ದುಡಿಮೆಯೇ ಅವನಿಗೆ ನಿದ್ರೆಯಾಗಿದೆ. ಇವಾನನ ಮಾತು ಕಾಳಿನದೂ ಅಲ್ಲ, ಹುಲ್ಲಿನದೂ ಅಲ್ಲ. ಆದುದರಿಂದ ಅದು ನಿಜವೋ ಸುಳ್ಳೋ ಎಂದು ಅವನು ವಿಚಾರಿಸಲಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯಲ್ಲಿ ದುಡಿದು, ದುಡಿಮೆಯೇ ಧರ್ಮವೆಂದು ನಂಬಿ, ಸ್ವಾಧ್ಯಾಯಕ್ಕೆ ಕುಳಿತೊಡನೆ ತೂಕಡಿಸುವ ಗೃಹಸ್ಥನು ಈ ಅಲ್ಯೋಖಿನನಲ್ಲಿ ತನ್ನ ಪ್ರತಿಬಿಂಬವನ್ನು ಕಾಣಬಹುದು.

ಇನ್ನು ಪೆಲಗೇಯ. ಆಕೆ ಆ ಮನೆಯ ಕೆಲಸದವಳು, ಚೆಲುವೆ. ಒದ್ದೆಯಾಗಿ ಬಂದವರಿಗೆ ಟವೆಲು ಸೋಪು ತಂದುಕೊಟ್ಟವಳು, ಚಹದ ತಟ್ಟೆ ಹಿಡಿದು ಸದ್ದಿಲ್ಲದೆ ನಡೆದಾಡಿದವಳು, ಹಾಸಿಗೆ ಹಾಸಿದವಳು ಅವಳೇ. ಸುಖಿಗಳ ಮನೆಯ ಮೌನವಾದ ಹೊರೆಯಾಳುಗಳನ್ನು ಕುರಿತು ಇವಾನನು ಉಜ್ವಲವಾಗಿ ಮಾತನಾಡುತ್ತಿರುವಾಗ, ಆ ಮೌನವೇ ಮೂರ್ತಿವೆತ್ತು ಕೋಣೆಯಲ್ಲಿ ಚಹ ಕೊಡುತ್ತಿತ್ತು. ಅವಳು ಯಾವಾಗ ಮಲಗುತ್ತಾಳೆಂದು ಯಾರೂ ಕೇಳಲಿಲ್ಲ. ಕೇಳುಗರೂ ಹೇಳುಗನೂ ಅವಳ ಚೆಲುವನ್ನು ಮಾತ್ರ ಕಂಡರು. ರಾತ್ರಿ ಇವಾನನು ಮೇಜಿನ ಮೇಲಿಟ್ಟ ಪೈಪಿನಿಂದ ಸುಟ್ಟ ಹೊಗೆಸೊಪ್ಪಿನ ಕಮಟು ಹರಡುತ್ತದೆ. ಅದು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ಬುರ್ಕಿನ್ ಬಹಳ ಹೊತ್ತು ನಿದ್ರೆಯಿಲ್ಲದೆ ಹೊರಳುತ್ತಾನೆ. ತಮ್ಮನು ಹಣ್ಣಿಗಾಗಿ ಎದ್ದೆದ್ದು ಬಂದು ಅಣ್ಣನ ನಿದ್ರೆ ಕೆಡಿಸಿದಂತೆಯೇ ಅಣ್ಣನ ಪೈಪು ಗೆಳೆಯನ ನಿದ್ರೆಯನ್ನು ಕೆಡಿಸುತ್ತದೆ. ತನ್ನ ಸುಖದ ವಾಸನೆ ತನಗೆ ಬಾರದು, ಪಕ್ಕದವನಿಗೆ ಬರುತ್ತದೆ.

ಕಥೆಯಲ್ಲಿ ಇನ್ನೊಂದು ವಾಗ್ವಾದ ಅಡಗಿದೆ. 1886ರಲ್ಲಿ ಟಾಲ್‌ಸ್ಟಾಯ್ ಬರೆದ ಪ್ರಸಿದ್ಧ ಕಥೆಯಲ್ಲಿ ಪಾಖೋಮ್ ಎಂಬ ರೈತನು ಸೂರ್ಯಾಸ್ತದೊಳಗೆ ಸುತ್ತಿಬಂದಷ್ಟು ಭೂಮಿ ತನ್ನದಾಗುವುದೆಂದು ಓಡಿ, ಬಿದ್ದು ಸಾಯುತ್ತಾನೆ. ಅವನಿಗೆ ಕೊನೆಗೆ ಬೇಕಾದುದು ಹೂಳಲು ಬೇಕಾದ ಮೂರು ಅರ್ಷೀನ್, ಎಂದರೆ ಸುಮಾರು ಏಳು ಅಡಿ ನೆಲ. ಇವಾನನು ಇದನ್ನು ಒಪ್ಪುವುದಿಲ್ಲ. ಅಷ್ಟು ನೆಲ ಹೆಣಕ್ಕೆ ಸಾಕು. ಬದುಕಿರುವ ಮನುಷ್ಯನ ಸ್ವತಂತ್ರ ಚೈತನ್ಯ ಅರಳಲು ಇಡೀ ಭೂಮಂಡಲವೇ ಬೇಕೆಂದು ಅವನ ವಾದ. ಒಬ್ಬನು ಆಸೆಯನ್ನು ಕುಗ್ಗಿಸೆನ್ನುತ್ತಾನೆ, ಇನ್ನೊಬ್ಬನು ಆತ್ಮವನ್ನು ಹಿಗ್ಗಿಸೆನ್ನುತ್ತಾನೆ. ಜೈನದೃಷ್ಟಿಯಲ್ಲಿ ಇವೆರಡೂ ವಿರುದ್ಧವಲ್ಲ. ಒಡೆತನದ ಕ್ಷೇತ್ರಕ್ಕೆ ಪರಿಮಾಣ ಬೇಕು. ಜ್ಞಾನದ ಕ್ಷೇತ್ರಕ್ಕೆ ಪರಿಮಾಣವಿಲ್ಲ. ಲೋಕಾಲೋಕವನ್ನೆಲ್ಲ ಅರಿಯುವ ಸಾಮರ್ಥ್ಯವಿರುವ ಆತ್ಮವು ಒಂದು ತಟ್ಟೆ ಹಣ್ಣಿನ ಸುತ್ತ ರಾತ್ರಿಯಿಡೀ ಸುತ್ತುವುದು ಶೋಚನೀಯ. ಜಗತ್ತನ್ನು ತಿಳಿಯಬಯಸುವುದು ಆತ್ಮದ ಸ್ವಭಾವ, ಕೊಳ್ಳಬಯಸುವುದು ವಿಭಾವ. ಗೆದ್ದ ಸಾಮ್ರಾಜ್ಯವನ್ನೇ ಬಿಟ್ಟು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಸ್ವಾಮಿಗೂ, ನಿಂತ ನೆಲ ಭರತನದೆಂಬ ಸೂಕ್ಷ್ಮಶಲ್ಯವು ಕೇವಲಜ್ಞಾನಕ್ಕೆ ತಡೆಯಾಯಿತೆಂದು ಜನರು ಹೇಳಿಕೊಂಡು ಬಂದಿರುವ ಕಥೆಯನ್ನು ಇಲ್ಲಿ ಸ್ಮರಿಸಬಹುದು. ಎರಡು ಪಾದಗಳ ನೆಲವೂ ಮನಸ್ಸಿನಲ್ಲಿ ಹೊಕ್ಕರೆ ಅದು ಭಾರವೇ. ಶಲ್ಯ ಕಳೆದೊಡನೆ ಅದೇ ನೆಲದಲ್ಲಿ ನಿಂತಂತೆಯೇ ಮೂರುಲೋಕವೂ ಜ್ಞಾನದಲ್ಲಿ ಬೆಳಗಿತು.

ಶ್ರವಣಬೆಳಗೊಳದ ಪರಂಪರೆಗೆ ಸೇರಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಲೋಭದ ನಾಲ್ಕು ತರಗಳನ್ನು ಬಣ್ಣ ಮತ್ತು ಕೊಳೆಗಳಿಗೆ ಹೋಲಿಸಿದ್ದಾರೆ: ಕೃಮಿರಾಗದ ಬಣ್ಣ, ಗಾಲಿಯ ಕೀಲಿನ ಕೊಳೆ, ಮೈಯ ಕೊಳೆ, ಅರಿಶಿನದ ಬಣ್ಣ. ಮೊದಲನೆಯದು ಬಟ್ಟೆ ಹರಿದರೂ ಬಿಡದು. ಕೊನೆಯದು ಬಿಸಿಲಿಗೆ ಹಾರುತ್ತದೆ. ಗೃಹಸ್ಥನಿಗೆ ಬಣ್ಣವೇ ಅಂಟಬಾರದೆಂದು ಯಾರೂ ಹೇಳಿಲ್ಲ. ಯಾವ ಬಣ್ಣ ಅಂಟಿದೆಯೆಂದು ಆಗಾಗ ಬಿಸಿಲಿಗೆ ಹಿಡಿದು ನೋಡಿಕೊಳ್ಳಬೇಕಾದುದು ಅವನ ಕರ್ತವ್ಯ.

ಕಥೆಯ ಸುತ್ತಿಗೆ ಈ ದೇಶದ ಬಾಗಿಲುಗಳಿಗೂ ಉಪಯೋಗವಾದೀತು. ಸ್ವಂತ ಮನೆಯ ಕಂತಿಗಾಗಿ ಹೆಂಡತಿಯ ಔಷಧವನ್ನು ಮುಂದಿನ ತಿಂಗಳಿಗೆ ತಳ್ಳುವ ಗೃಹಸ್ಥ, ಮಗಳ ಮದುವೆಯ ವೈಭವಕ್ಕಾಗಿ ಅಂಗಡಿಯ ಗುಮಾಸ್ತನ ಸಂಬಳವನ್ನು ಹೆಚ್ಚಿಸದ ವ್ಯಾಪಾರಿ, ಕಲಶದ ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗಿ ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಿಕೊಂಡು ಮನೆಯ ಆಳಿನ ಹೆಸರನ್ನು ಮರೆಯುವ ದಾನಿ, ಬಸದಿಯ ಶಿಖರಕ್ಕೆ ಬಂಗಾರದ ಲೇಪ ಮಾಡಿಸಿ ಅಂಗಳ ಗುಡಿಸುವವಳಿಗೆ ಹಳೆಯ ಸಂಬಳವನ್ನೇ ಕೊಡುವ ಟ್ರಸ್ಟು: ಇವರಲ್ಲಿ ಯಾರೂ ದುಷ್ಟರಲ್ಲ, ನಿಕೊಲಾಯನೂ ಸ್ವಭಾವತಃ ಸಾಧುವಾಗಿದ್ದವನೇ. ಅವರ ಆಸೆಗಳೂ ಅಧರ್ಮದವಲ್ಲ. ಒಂದು ಬಾಬು ಮಾತ್ರ ಲೆಕ್ಕದಿಂದ ಬಿಟ್ಟುಹೋಗಿದೆ.

ದೀಪಾವಳಿಯಂದು ಮಹಾವೀರಸ್ವಾಮಿಯ ನಿರ್ವಾಣಪೂಜೆಯನ್ನು ಮುಗಿಸಿ ಹೊಸ ಖಾತೆಯ ಪುಸ್ತಕವನ್ನು ತೆರೆಯುವುದು ಜೈನ ವ್ಯಾಪಾರಿಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಪರಿಮಾಣ ವ್ರತದ ಅಂಕಿಗಳನ್ನು ಬರೆದಿಡುವವರು ಆ ಪುಟದ ಬಲಬದಿಯಲ್ಲಿ ಇನ್ನೊಂದು ಅಂಕಣವನ್ನು ಎಳೆಯಬಹುದು. ಎಡಗಡೆಯ ಪ್ರತಿಯೊಂದು ವಸ್ತುವಿನ ಎದುರಿಗೆ, ಇದನ್ನು ಹೊತ್ತು ತಂದವರು ಯಾರೆಂದು ಹೆಸರು ಹಿಡಿದು ಬರೆಯಬೇಕು: ಹೆಂಡತಿ, ತಮ್ಮ, ಗುಮಾಸ್ತ, ಹಮಾಲಿ. ಟ್ರಸ್ಟುಗಳೂ ವಾರ್ಷಿಕ ಸಭೆಯಲ್ಲಿ ಕಟ್ಟಡದ ಲೆಕ್ಕದ ಜೊತೆಗೆ ಈ ಅಂಕಣವನ್ನು ಓದಿಸುವುದು ಒಳ್ಳೆಯದು. ಹೆಸರು ಬರೆದ ಮೇಲೆ ಅವರಿಗೆ ಸಲ್ಲಬೇಕಾದುದು ಸಂದಿದೆಯೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಿಕೊಲಾಯನ ಪುಸ್ತಕದಲ್ಲಿ ಆ ಅಂಕಣವಿದ್ದಿದ್ದರೆ ಒಬ್ಬಾಕೆಯ ಹೆಸರು ಉಳಿಯುತ್ತಿತ್ತು. ಪ್ರಾಯಶಃ ಆಕೆಯೇ ಉಳಿಯುತ್ತಿದ್ದಳು.